ಬೋಲ್ಟ್ ಬಿಗಿ ಮಾಡಿಬಿಟ್ರೆ ರಿಪೇರಿ ಆಯ್ತಾ?

ಹಿನಕಲ್‌ನಿಂದ ಮಂಗಳೂರಿನ ಸಮುದ್ರಕ್ಕೆ ಹೆಚ್ಚುಕಮ್ಮಿ 250 ಕಿ.ಮೀ. ಇಲ್ಲಿ ಕೂತು ಹಾಯಿದೋಣಿಯ ಬೋಲ್ಟ್ ಬಗ್ಗೆ ಯಾಕಪ್ಪಾ ಮಾತು ಅಂತ ನೀವು ಕೇಳಬಹುದು. ಸಡಿಲವಾದ ಆ ಒಂದು ಬೋಲ್ಟನ್ನು ಸರಿಯಾಗಿ ಕೂರಿಸೋಕೆ ನಾವು ಮೂರ್ನಾಲ್ಕು ಸೆಮಿಸ್ಟರ್ ಓದಿದ್ದೆಲ್ಲ ಬೇಕು. ಆದರೆ ಅಂಥ ಕೆಲಸಕ್ಕೆ ನಮ್ಮ ಲ್ಯಾಬುಗಳಲ್ಲಿ ಒಂದು ಮಾರ್ಕೂ ಇಲ್ಲ. ನಮ್ಮ ತಕರಾರು ಇದೇ.

ಟ್ರೈಮರಾನ್ ಅಂದ್ರೆ ಮೂರು ಒಡಲಿನ ದೋಣಿ. ನಡುವೆ ದೊಡ್ಡದೊಂದು, ಎಡಬಲಕ್ಕೆ ಸಣ್ಣವೆರಡು, ಅವನ್ನು ಸೇರಿಸುವ ಅಡ್ಡತೋಳುಗಳು. ನ್ಯೂಜಿಲೆಂಡ್ ಮೂಲದ ಇಯಾನ್ ಫ್ಯಾರಿಯರ್ ಈ ತೋಳುಗಳು ಮಡಚಿಕೊಳ್ಳುವ ಹಾಗೆ ವಿನ್ಯಾಸ ಮಾಡಿದರು. ಅವರ ಎಫ್-27 ದೋಣಿ ಬಿಚ್ಚಿದಾಗ ಸುಮಾರು 5.8 ಮೀಟರ್ ಅಗಲ, ಮಡಚಿದರೆ 2.6 ಮೀಟರ್. ಟ್ರೇಲರ್ ಮೇಲೆ ಇಟ್ಟರೆ ನಮ್ಮ ಹಿನಕಲ್ ಫ್ಲೈಓವರ್ ಮೇಲೂ ಹೋಗುತ್ತೆ!

ಇಂಥ ದೋಣಿ ಹಗುರ ಇರಬೇಕು. ಅದಕ್ಕೇ ಒಡಲು ಸ್ಯಾಂಡ್‌ವಿಚ್ ರಚನೆ: ಹೊರಗೊಂದು ಒಳಗೊಂದು ತೆಳು ಫೈಬರ್‌ಗ್ಲಾಸ್ ಪದರ, ನಡುವೆ ಫೋಮ್ ಅಥವಾ ಬಾಲ್ಸಾ ಮರ. ನಾವು ಓದಿದ ಐ-ಬೀಮ್ ಲೆಕ್ಕವೇ. ಬಾಗುವ ಒತ್ತಡವನ್ನು ಪದರಗಳು ಹೊರುತ್ತವೆ, ನಡುವಿನ ತಿರುಳು ಶಿಯರ್ ಹೊರುತ್ತೆ. ಆದರೆ ಬೋಲ್ಟ್ ಹಿಡಿತಕ್ಕೆ ಈ ಮೆತ್ತನೆ ತಿರುಳು ಆಗಿಬರಲ್ಲ. ಅಲೆ ಎತ್ತಿ ಇಳಿಸಿದ ಹಾಗೆಲ್ಲ ಬೋಲ್ಟ್ ಮೇಲಿನ ಬಲ ದಿಕ್ಕು ಬದಲಿಸುತ್ತೆ. ತಿರುಳು ಕುಗ್ಗುತ್ತೆ, ಸೀಲಂಟ್ ಬಿರುಕು ಬಿಡುತ್ತೆ, ನೀರು ಒಳಗಿಳಿಯುತ್ತೆ, ಬಾಲ್ಸಾ ಕೊಳೆಯುತ್ತೆ. ಆಗ ಸ್ಪ್ಯಾನರ್ ಹಿಡಿದು ಇನ್ನೆರಡು ಸುತ್ತು ತಿರುಗಿಸಿದರೆ? ಪದರ ತಗ್ಗಿ ಒಳಗಿನ ತಿರುಳು ಇನ್ನಷ್ಟು ಜಜ್ಜಿಹೋಗುತ್ತೆ. ಬಿಗಿಯಾಯ್ತು ಅನ್ನಿಸುತ್ತೆ, ರೋಗ ಹಾಗೇ ಉಳಿಯುತ್ತೆ.

ಸರಿಯಾದ ದಾರಿ ನಿಧಾನದ್ದು. ಮೊದಲು ಸಂತೆಯಲ್ಲಿ ಮಡಕೆ ಬಡಿದು ನೋಡುವ ಹಾಗೆ ಸಣ್ಣ ಸುತ್ತಿಗೆಯಿಂದ ಸುತ್ತಲೂ ತಟ್ಟಬೇಕು. ಗಟ್ಟಿ ಸದ್ದು ಹೋಗಿ ಮಂಕಾಗಿ ಕೇಳಿಸಿದ ಕಡೆ ತಿರುಳು ಹಾಳಾಗಿರಬಹುದು. ಬೋಲ್ಟ್ ಬಿಚ್ಚಿ, ಕೊಳೆತದ್ದನ್ನು ತೆಗೆದು, ಪೂರ್ತಿ ಒಣಗಿಸಬೇಕು. ತೂತನ್ನು ಬೇಕೆಂದೇ ದೊಡ್ಡದಾಗಿ ಕೊರೆದು, ಪುಡಿ ಕಲಸಿ ಗಟ್ಟಿ ಮಾಡಿದ ಎಪಾಕ್ಸಿ ತುಂಬಬೇಕು. ಅದು ಗಟ್ಟಿಯಾದ ಮೇಲೆ ಅದರ ನಡುವೆ ಸರಿಯಳತೆಯ ತೂತು ಕೊರೆದು, ಒಳಗಡೆ ಅಗಲವಾದ ಪಟ್ಟಿ ಕೊಟ್ಟು, ಸೀಲಂಟ್ ಹಚ್ಚಿ ಬೋಲ್ಟ್ ಕೂರಿಸಬೇಕು. ಮುಂದೆ ಸೀಲಂಟ್ ಕೈಕೊಟ್ಟರೂ ನೀರಿಗೆ ಸಿಗೋದು ಎಪಾಕ್ಸಿ, ತಿರುಳಲ್ಲ.

ಇದು ಹೊರದೇಶದವರ ಶೋಕಿ ಮಾತ್ರ ಅಲ್ಲ. ನಮ್ಮ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು 2017-18ರಲ್ಲಿ ಲೋಕ ಸುತ್ತಿದ ‘ತಾರಿಣಿ’ ಗೋವಾದಲ್ಲಿ ಕಟ್ಟಿದ ಹಾಯಿದೋಣಿ. ಅದು ಒಂದೇ ಒಡಲಿನದು, ಆದರೆ ಅದಕ್ಕೂ ಮರದ ತಿರುಳು, ಫೈಬರ್‌ಗ್ಲಾಸ್ ಪದರ. ಸ್ಟಿಯರಿಂಗ್ ಕೆಟ್ಟಿದ್ದರಿಂದ ಅವರು ಮಾರಿಷಸ್‌ನಲ್ಲಿ ಅನಿರೀಕ್ಷಿತವಾಗಿ ನಿಲ್ಲಬೇಕಾಯಿತು. ನಡುಸಮುದ್ರದಲ್ಲಿ ರಿಪೇರಿ ಗೊತ್ತಿರೋದು ಪ್ರಾಣದ ಪ್ರಶ್ನೆ.

‘ರಿಪೇರಿ ಐಟಿಐನವರ ಕೆಲಸ, ನಾವು ಡಿಸೈನ್ ಮಾಡೋರು’ ಅನ್ನೋ ಮಾತು ಕ್ಯಾಂಪಸ್ಸಿನಲ್ಲಿ ಸಾಮಾನ್ಯ. ನೀರು ಎಲ್ಲಿಂದ ನುಗ್ಗುತ್ತೆ ಅಂತ ಗೊತ್ತಿಲ್ಲದವರು ಮಾಡಿದ ಡಿಸೈನ್ ಎಷ್ಟು ದಿನ ಬಾಳೀತು? ಕೆಟ್ಟ ಉಪಕರಣಕ್ಕೆ ‘ಕೆಲಸ ಮಾಡುತ್ತಿಲ್ಲ’ ಅಂತ ಚೀಟಿ ಅಂಟಿಸಿ ಮೂಲೆಗಿಡುತ್ತೇವೆ, ಪಕ್ಕದಲ್ಲೇ ಸಿದ್ಧ ರೀಡಿಂಗ್ ಬರೆದು ರೆಕಾರ್ಡ್ ಮುಗಿಸುತ್ತೇವೆ.

ನಾವು ಕೇಳೋದು ಇಷ್ಟೇ. ಪ್ರತಿ ಸೆಮಿಸ್ಟರಿಗೆ ಒಂದೇ ಒಂದು ರಿಪೇರಿ ಪ್ರಯೋಗ ಇರಲಿ. ಸಡಿಲವಾದ ಸೀಲಿಂಗ್ ಫ್ಯಾನಾದರೂ ಸರಿ, ಅಲುಗಾಡುವ ಲೇಥ್ ಆದರೂ ಸರಿ. ‘ಯಾಕೆ ಸಡಿಲವಾಯಿತು’ ಅನ್ನೋದಕ್ಕೆ ಅರ್ಧ ಮಾರ್ಕು, ಸರಿಮಾಡಿದ್ದಕ್ಕೆ ಇನ್ನರ್ಧ. ಹೆಬ್ಬಾಳ, ಹೂಟಗಳ್ಳಿ ಕೈಗಾರಿಕಾ ಪ್ರದೇಶಗಳು ಪಕ್ಕದಲ್ಲೇ ಇವೆ. ಅಲ್ಲಿ ಇಪ್ಪತ್ತು ವರ್ಷ ಕೈ ಕಪ್ಪು ಮಾಡಿಕೊಂಡ ಅಣ್ಣಂದಿರನ್ನು ಒಂದು ದಿನ ಲ್ಯಾಬಿಗೆ ಕರೆಸಿ. ಮೂಲೆಯಲ್ಲಿರೋ ಆ ಚೀಟಿ ಅಂಟಿಸಿದ ಉಪಕರಣದಿಂದಲೇ ಶುರು ಮಾಡೋಣ.