ಊರಿನ ಗಾಡಿಯೂ ನಮ್ಮ ರಜೆಯೂ

ಊರಿಗೆ ಹೋಗಿ ಬಂದವರನ್ನು ನಾವು ಮೊದಲು ಕೇಳುವುದು, "ಮನೆಯಲ್ಲಿ ಎಲ್ಲರೂ ಸೌಖ್ಯವೇ?" ಎಂದು. ಎರಡನೆಯ ಪ್ರಶ್ನೆ, "ಗಾಡಿಯಲ್ಲಿ ಮಲಗಲು ಜಾಗ ಸಿಕ್ಕಿತೇ?" ಎಂಬುದು. ಈಚೆಗೆ ಈ ಎರಡನೆಯ ಪ್ರಶ್ನೆಗೆ ಬರುತ್ತಿರುವ ಉತ್ತರಗಳನ್ನು ಕೇಳಿ ಸುಮ್ಮನಿರಲು ನಮ್ಮಿಂದಾಗದು.

ನಮ್ಮ ಸದಸ್ಯರೊಬ್ಬರು ಹೋಟೆಲೊಂದರಲ್ಲಿ ದೋಸೆಯ ಕಾವಲಿಯ ಮುಂದೆ ನಿಲ್ಲುವವರು. ಅವರ ತಂದೆಯ ವರ್ಷಾಂತಿಕ ಬಂತು. ತಿಥಿ ಯಾವುದೆಂದು ಒಂದು ವರ್ಷದ ಹಿಂದೆಯೇ ಎಲ್ಲರಿಗೂ ಗೊತ್ತಿತ್ತು. ಧಣಿಗಳಿಗೂ ಇವರು ಎರಡು ತಿಂಗಳ ಮೊದಲೇ ಹೇಳಿದ್ದರು. "ನೋಡುವಾ, ನೋಡುವಾ" ಎನ್ನುತ್ತ ಧಣಿಗಳು ರಜೆ ಕೊಟ್ಟದ್ದು ಹೊರಡುವ ಎರಡು ದಿನ ಮುಂಚೆ. ಉಳಿದದ್ದು ತತ್ಕಾಲ್ ಒಂದೇ. ಅದು ತೆರೆಯುವ ಹೊತ್ತಿಗೆ ಇವರ ಎರಡು ಕೈಗಳೂ ಹಿಟ್ಟಿನಲ್ಲಿದ್ದವು. ಖೋಲಿಯ ಗೆಳೆಯ ಪ್ರಯತ್ನಿಸಿದಾಗ ಜಾಗ ಮುಗಿದಿತ್ತು. ಕೊನೆಗೆ ಜನರಲ್ ಡಬ್ಬಿಯಲ್ಲಿ ರತ್ನಾಗಿರಿಯವರೆಗೆ ನಿಂತು, ಆಮೇಲೆ ಬಾಗಿಲ ಬಳಿ ತಮ್ಮ ಚೀಲದ ಮೇಲೆಯೇ ಕುಳಿತು, ಬೆಳಿಗ್ಗೆ ಕುಂದಾಪುರದಲ್ಲಿ ಇಳಿದರು. "ಬೆರಳಿನಲ್ಲಿ ದರ್ಭೆಯ ಪವಿತ್ರ ಇರುವಾಗಲೇ ತೂಕಡಿಸಿಬಿಟ್ಟೆ. ಭಟ್ಟರು ಎರಡು ಸಲ ಕರೆದರಂತೆ. ಚಿಕ್ಕಮ್ಮ ಎಲ್ಲರೆದುರು ಗದರಿದರು" ಎಂದು ಅವರು ನಮ್ಮೊಡನೆ ಹೇಳುವಾಗ ನಗುತ್ತಿದ್ದರು. ಆ ನಗೆಯನ್ನು ನೋಡಲು ನಮಗೆ ಕಷ್ಟವಾಯಿತು.

ಬೆಳಗಿನ ಜಾವದಿಂದ ರಾತ್ರಿ ಮುಚ್ಚುವವರೆಗೆ ನಿಂತೇ ಇರುವವನಿಗೆ ಗಾಡಿಯ ಒಂದು ರಾತ್ರಿಯೆಂದರೆ ಏನೆಂಬುದನ್ನು ಕಚೇರಿಯಲ್ಲಿ ಕುಳಿತು ದುಡಿಯುವವರು ಊಹಿಸುವುದು ಕಷ್ಟ. ಯಾರೂ ಕರೆಯುವುದಿಲ್ಲ, ಯಾರೂ ಗಂಟೆ ಹೊಡೆಯುವುದಿಲ್ಲ. ಮೇಲಿನ ಹಲಗೆ ಹತ್ತಿ, ಚಪ್ಪಲಿಯನ್ನು ತಲೆಯ ಹತ್ತಿರವೇ ಇಟ್ಟುಕೊಂಡು, ಕಾಲು ಚಾಚಿದರೆ ಕಾರವಾರದವರೆಗೆ ಯಾರ ಋಣವೂ ಇಲ್ಲ. ಹಾಗೆ ನಿದ್ದೆ ಮಾಡಿ ಇಳಿದವನು ಮನೆಯ ಮಗನಾಗಿ ಮನೆಗೆ ಹೋಗುತ್ತಾನೆ. ಇಲ್ಲದಿದ್ದರೆ ಐದು ದಿನದ ರಜೆಯಲ್ಲಿ ಒಂದು ದಿನ ಚಾಪೆಯ ಮೇಲೆಯೇ ಕಳೆಯುತ್ತದೆ. ಮಕ್ಕಳು ಮಲಗಿದ ಅಪ್ಪನನ್ನು ನೋಡಿಕೊಂಡು ಶಾಲೆಗೆ ಹೋಗುತ್ತಾರೆ.

ಈ ಹಲಗೆಯೂ ಸುಮ್ಮನೆ ಬಂದುದಲ್ಲ. ಮೂರನೆಯ ದರ್ಜೆಯೆಂಬ ಹೆಸರು ಹೋದದ್ದು 1974ರಲ್ಲಿ. ಹೆಸರು ಹೋದರೂ ಬರಿಯ ಮರದ ಹಲಗೆ ಹಾಗೆಯೇ ಇತ್ತು. 1977ರಲ್ಲಿ ರೈಲ್ವೆ ಮಂತ್ರಿಯಾದ ಮಧು ದಂಡವತೆಯವರು ಅದರ ಮೇಲೆ ಎರಡು ಅಂಗುಲದ ಮೆತ್ತೆ ಹಾಕಿಸಿದರು. ಬಡವರ ಬೆನ್ನಿಗೂ ಮೂಳೆಯಿದೆಯೆಂದು ರೈಲ್ವೆ ಆಡಳಿತಕ್ಕೆ ತಿಳಿಯಲು ಅಷ್ಟು ವರ್ಷ ಬೇಕಾಯಿತು. ಕರಾವಳಿಯವರಿಗಂತೂ ಆಗ ನೇರ ಗಾಡಿಯೇ ಇರಲಿಲ್ಲ. ಹಳಬರು ಹಡಗಿನಲ್ಲಿ ಬಂದರು, ಅವರ ನಂತರದವರು ಬಸ್ಸಿನಲ್ಲಿ ಘಟ್ಟ ಹತ್ತಿ ಇಳಿದು ಬಂದರು. ಮಂಗಳೂರಿನಿಂದ ಮುಂಬಯಿಗೆ ಬಂದು ಹೋಟೆಲು ಕೆಲಸಗಾರರನ್ನು ಸಂಘಟಿಸಿದ ಜಾರ್ಜ್ ಫರ್ನಾಂಡಿಸರು ರೈಲ್ವೆ ಮಂತ್ರಿಯಾಗಿದ್ದಾಗ, 1990ರಲ್ಲಿ, ಕೊಂಕಣ ರೈಲ್ವೆ ನಿಗಮ ಹುಟ್ಟಿತು. ಶ್ರೀಧರನ್ ಅವರ ನೇತೃತ್ವದಲ್ಲಿ ಕೆಲಸ ನಡೆದು, 1998ರ ಜನವರಿ 26ರಂದು 741 ಕಿಲೋಮೀಟರಿನ ದಾರಿ ಪೂರ್ತಿ ತೆರೆಯಿತು. ಕುರ್ಲಾದಿಂದ ಮಧ್ಯಾಹ್ನ ಮತ್ಸ್ಯಗಂಧ ಹತ್ತಿದವನು ಮರುದಿನ ಬೆಳಿಗ್ಗೆ ಮನೆಯಲ್ಲಿ ಗಂಜಿ ಉಣ್ಣಬಹುದೆಂಬುದು ನಮ್ಮ ಹಿರಿಯರಿಗೆ ಕನಸಾಗಿತ್ತು.

ಆ ದಾರಿಯಲ್ಲಿ ಇಂದು ಜಾಗ ಸಿಗುವ ಕ್ರಮವನ್ನು ನೋಡಿರಿ. 2024ರ ನವೆಂಬರ್ 1ರಿಂದ ಟಿಕೇಟನ್ನು 60 ದಿನ ಮುಂಚಿತವಾಗಿ ಕಾದಿರಿಸಬಹುದು. ಮೊದಲು ಇದು 120 ದಿನವಿತ್ತು. ತೆರೆಯುವ ಸಮಯ ಬೆಳಿಗ್ಗೆ 8 ಗಂಟೆ. ಅದು ಇಡ್ಲಿಯ ಹೊತ್ತು. ಸ್ಲೀಪರಿನ ತತ್ಕಾಲ್ ತೆರೆಯುವುದು ಹಿಂದಿನ ದಿನ 11 ಗಂಟೆಗೆ. ಅದು ಊಟದ ತಯಾರಿಯ ಹೊತ್ತು. ಹೋಟೆಲು ಕೆಲಸಗಾರನಿಗೆ ಬಿಡುವಿಲ್ಲದ ಎರಡು ಗಳಿಗೆಗಳನ್ನು ಹುಡುಕಿ ಹುಡುಕಿ ಇಟ್ಟಂತಿದೆ! ರೈಲ್ವೆಯವರು ಬೇಕೆಂದೇ ಹಾಗೆ ಮಾಡಿದರೆಂದು ನಾವು ಹೇಳುವುದಿಲ್ಲ. ಅವರು ಕ್ರಮ ಮಾಡುವಾಗ ನಮ್ಮ ನೆನಪಾಗಲಿಲ್ಲ, ಅಷ್ಟೆ. 2025ರ ಜುಲೈಯಿಂದ ತತ್ಕಾಲಿಗೆ ಆಧಾರ್ ಬೇಕೆಂದೂ ಮೊದಲ ಅರ್ಧ ಗಂಟೆ ಏಜೆಂಟರಿಗೆ ಅವಕಾಶವಿಲ್ಲವೆಂದೂ ಮಾಡಿದ್ದು ಒಳ್ಳೆಯದೇ. ಕಾಯುವ ಪಟ್ಟಿಯ ಟಿಕೇಟು ಹಿಡಿದು ಸ್ಲೀಪರ್ ಡಬ್ಬಿ ಹತ್ತಕೂಡದೆಂಬ ನಿಯಮ 2025ರ ಮೇ 1ರಿಂದ ಬಿಗಿಯಾದುದನ್ನೂ ನಾವು ತಪ್ಪೆನ್ನಲಾರೆವು. ಹಣ ಕೊಟ್ಟು ಜಾಗ ಪಡೆದವನು ರಾತ್ರಿ ಕಾಲು ಮಡಿಸಿಕೊಂಡು ಕುಳಿತಿರುವುದೂ ಅನ್ಯಾಯವೇ. ಆದರೆ ಬಾಗಿಲು ಮುಚ್ಚಿದವರು ಒಳಗೆ ಜಾಗವನ್ನೂ ಹೆಚ್ಚಿಸಬೇಡವೇ? ಅನೇಕ ಗಾಡಿಗಳಲ್ಲಿ ಆದದ್ದು ಅದಕ್ಕೆ ವಿರುದ್ಧ: ಸ್ಲೀಪರ್ ಡಬ್ಬಿ ತೆಗೆದು ಹವಾನಿಯಂತ್ರಿತ ಡಬ್ಬಿ ಜೋಡಿಸಿದರು. ಹಳೆಯ ಸ್ಲೀಪರ್ ಡಬ್ಬಿಯಲ್ಲಿ 72 ಜನ ಮಲಗುತ್ತಾರೆ, ಹೊಸದರಲ್ಲಿ 80. ಒಂದು ಡಬ್ಬಿ ಹೋಯಿತೆಂದರೆ ಒಂದು ರಾತ್ರಿಗೆ ಅಷ್ಟು ಜನರ ನಿದ್ದೆ ಹೋಯಿತು. ಕೊಂಕಣ ದಾರಿಯ ಬಹುಭಾಗ ಇನ್ನೂ ಒಂಟಿ ಹಳಿ. ರೋಹಾದಿಂದ ವೀರ್‌ವರೆಗಿನ 46 ಕಿಲೋಮೀಟರು ಮಾತ್ರ 2021ರಲ್ಲಿ ಜೋಡಿಯಾಯಿತು. ಹೊಸ ಗಾಡಿಗಳನ್ನು ಓಡಿಸುವುದು ಸುಲಭವಲ್ಲವೆಂದು ನಮಗೂ ಗೊತ್ತು. ಇರುವ ಗಾಡಿಯಲ್ಲಿ ತೆಗೆದ ಡಬ್ಬಿಯನ್ನು ಮರಳಿ ಹಾಕಲು ಎರಡನೆಯ ಹಳಿ ಬೇಕಾಗಿಲ್ಲ.

ರೈಲ್ವೆಗೆ ಮನವಿ ಬರೆಯುವುದು ಸುಲಭ. ಕಷ್ಟದ ಮಾತು ನಮ್ಮ ಧಣಿಗಳೊಡನೆ ಆಡಬೇಕಾದುದು. ಅವರಲ್ಲಿ ಹಲವರು ನಮ್ಮ ಊರಿನವರೇ, ಕೆಲವರು ನೆಂಟರು. ಒಂದು ಕಾಲದಲ್ಲಿ ಅವರೂ ಟೇಬಲು ಒರೆಸಿದವರೇ. (ಈಗ ವಿಮಾನದಲ್ಲಿ ಊರಿಗೆ ಹೋಗುತ್ತಾರೆ, ಹೋಗಲಿ, ದುಡಿದು ಗಳಿಸಿದ್ದು.) ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯ ಪ್ರಕಾರ, ಅದರ ವ್ಯಾಪ್ತಿಗೆ ಬರುವ ಹೋಟೆಲಿನಲ್ಲಿ ವರ್ಷಕ್ಕೆ 240 ದಿನ ದುಡಿದವನಿಗೆ ಪ್ರತಿ 20 ದಿನಕ್ಕೆ ಒಂದು ದಿನದಂತೆ ಸಂಬಳ ಸಹಿತ ರಜೆ ಉಂಟು, ಅದನ್ನು 45 ದಿನದವರೆಗೆ ಕೂಡಿಡಲೂಬಹುದು. ರಜೆಯೆಂಬುದು ಗಲ್ಲಾದ ಮೇಲೆ ಕುಳಿತವರ ಕೃಪೆಯಲ್ಲ. ಆದರೆ ಎರಡು ದಿನ ಮುಂಚೆ ಸಿಕ್ಕುವ ರಜೆಯಿಂದ, 60 ದಿನ ಮುಂಚೆ ಮಾರಿಹೋಗುವ ಗಾಡಿಯಲ್ಲಿ ಮಲಗಲಾಗುವುದಿಲ್ಲ. ಆದುದರಿಂದ ಹಬ್ಬದ ಮತ್ತು ಮೇ ತಿಂಗಳ ರಜೆಯ ಪಟ್ಟಿಯನ್ನು 70 ದಿನ ಮೊದಲೇ ಬರೆದು ಅಡುಗೆಮನೆಯ ಗೋಡೆಗೆ ಹಚ್ಚಬೇಕೆಂಬುದು ನಮ್ಮ ಮಾತು. ಇದಕ್ಕೆ ಧಣಿಗಳಿಗೆ ಒಂದು ಕಾಸೂ ಖರ್ಚಿಲ್ಲ.

"ಎಲ್ಲರೂ ಚೌತಿಗೇ ಹೊರಟರೆ ಹೋಟೆಲು ಮುಚ್ಚುವುದೇ?" ಎಂದು ಅವರು ಕೇಳುತ್ತಾರೆ. ಕೇಳತಕ್ಕ ಪ್ರಶ್ನೆಯೇ. ನಮ್ಮಲ್ಲಿನ ಗಿರಣಿಯ ಹಿರಿಯರು ಇದಕ್ಕೆ ಉತ್ತರ ಬಲ್ಲರು. ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಊರಿಗೆ ಹೋದವನ ಮಗ್ಗದ ಮುಂದೆ ಬದಲಿ ಕಾಮಗಾರ ನಿಲ್ಲುತ್ತಿದ್ದ. ಬದಲಿಯವನ ಬಾಳು ಸುಖದ್ದಾಗಿರಲಿಲ್ಲ. ಬೆಳಿಗ್ಗೆ ಗಿರಣಿಯ ಬಾಗಿಲಲ್ಲಿ ಕಾದು, ಕೆಲಸವಿಲ್ಲದೆ ಮರಳಿದ ದಿನಗಳನ್ನು ಅವರೇ ಹೇಳುತ್ತಾರೆ. ಅದನ್ನು ಹಾಗೆಯೇ ತರಬೇಕೆಂದು ನಾವು ಹೇಳುವುದಿಲ್ಲ. ಒಂದು ಪೇಟೆಯ ನಾಲ್ಕೈದು ಹೋಟೆಲುಗಳು ಸೇರಿ, ಕಾಯಂ ಸಂಬಳದ ಮೇಲೆ ಇಬ್ಬರನ್ನು ಬದಲಿಗೆಂದೇ ಇಟ್ಟುಕೊಂಡರೆ, ವರ್ಷವಿಡೀ ಒಬ್ಬರಲ್ಲ ಒಬ್ಬರು ಊರಿಗೆ ಹೋಗಿ ಬರಬಹುದು.

ನಮ್ಮವರ ತಪ್ಪನ್ನೂ ಹೇಳದೆ ಬಿಡುವಂತಿಲ್ಲ. ದಲ್ಲಾಳಿಗೆ ಇಮ್ಮಡಿ ಕೊಟ್ಟು ಬೇರೆಯವರ ಹೆಸರಿನ ಟಿಕೇಟಿನಲ್ಲಿ ಹೋಗುವವರು ನಮ್ಮಲ್ಲೇ ಇದ್ದಾರೆ. ಸಿಕ್ಕಿಬಿದ್ದರೆ ಹಣವೂ ಹೋಯಿತು, ಮಾನವೂ ಹೋಯಿತು. ಇನ್ನು, ನಡುವಿನ ಹಲಗೆ ಎತ್ತುವುದು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಾತ್ರ ಎಂಬ ನಿಯಮ ಎಲ್ಲರಿಗೂ ಗೊತ್ತಿದ್ದರೂ, ಇಸ್ಪೀಟು ಮುಗಿಯದೆ ಹನ್ನೊಂದೂವರೆಯವರೆಗೆ ಕೆಳಗಿನ ಜಾಗ ಬಿಡದವರು ನಮ್ಮ ಹುಡುಗರೇ ಎಂದು ಇಬ್ಬರು ತಾಯಂದಿರು ನಮಗೆ ದೂರು ಕೊಟ್ಟಿದ್ದಾರೆ.

ಹುಬ್ಬಳ್ಳಿ, ಬೆಳಗಾವಿ ಕಡೆಯವರ ಪಾಡೂ ಇದಕ್ಕಿಂತ ಬಹಳ ಭಿನ್ನವಲ್ಲ. ಅವರೂ ಈ ಮಾತಿನಲ್ಲಿ ಕೂಡಬೇಕು. ಮುಂದಿನ ಚೌತಿಗೆ ಊರಿಗೆ ಹೋಗಲಿರುವ ಸದಸ್ಯರು ತಮ್ಮ ಹೆಸರು, ಹೋಟೆಲು, ಹೊರಡುವ ಮತ್ತು ಮರಳುವ ದಿನಾಂಕಗಳನ್ನು ಒಂದು ಚೀಟಿಯಲ್ಲಿ ಬರೆದು ಸಂಘದ ಕಚೇರಿಗೆ ತಲುಪಿಸಲಿ. ಆ ಚೀಟಿಗಳನ್ನು ಹಿಡಿದುಕೊಂಡೇ ನಾವು ಧಣಿಗಳ ಬಳಿಗೆ ಹೋಗುವವರಿದ್ದೇವೆ.