ಬಂಡಿಯ ಗಾಲಿಯೂ ಬಚ್ಚಲ ತೊಟ್ಟಿಯೂ

ಹುಮನಾಬಾದಿನ ಪರಿಚಯದ ಮನೆಯೊಂದರಲ್ಲಿ ಮೊನ್ನೆ ಸಣ್ಣ ವಾದ ನಡೆದಿತ್ತು. ಹೊಸ ಮನೆಯ ಬಚ್ಚಲಿಗೆ ಕೈಯಿಂದ ಮಾಡಿದ ಮರದ ತೊಟ್ಟಿ ಬೇಕೆಂದು ಕಾಲೇಜಿಗೆ ಹೋಗುವ ಮಗಳ ಹಟ. ನೀರಿನಲ್ಲಿ ಕೊಳೆಯುವ ಮರಕ್ಕೆ ದುಡ್ಡು ಸುರಿಯುವುದೇಕೆಂದು ತಂದೆಯ ಪ್ರಶ್ನೆ. ತಾಮ್ರದ ಹಂಡೆ ಇರುವಾಗ ಇದೆಲ್ಲ ರಾಜರ ಖಯಾಲಿ ಎಂದರು ಅಜ್ಜಿ.

ಅಜ್ಜಿಯ ಮಾತು ಪೂರ್ತಿ ತಪ್ಪಲ್ಲ. ಪಕ್ಕದ ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದ ಕಾಲದಲ್ಲಿ, 1129ರ ಸುಮಾರಿಗೆ, ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ರಚಿಸಿದ. ನೂರು ಅಧ್ಯಾಯಗಳ ಆ ಗ್ರಂಥದಲ್ಲಿ ಅಡುಗೆ, ಆನೆ, ಸಂಗೀತ, ಚಿತ್ರಕಲೆಗಳ ಜೊತೆಗೆ 'ಸ್ನಾನಭೋಗ'ಕ್ಕೂ ಒಂದು ಅಧ್ಯಾಯ! ಸುವಾಸನೆಯ ಎಣ್ಣೆ ತಿಕ್ಕಿಸಿಕೊಂಡು ಮೀಯುವ ಅರಸನ ವೈಭವ ಅಲ್ಲಿದೆ. ಮರದ ತೊಟ್ಟಿಯೂ ನಮಗೆ ಹೊಸದಲ್ಲ. ಆಯುರ್ವೇದದ ಎಣ್ಣೆ ಚಿಕಿತ್ಸೆಗೆ ಮರದ ದ್ರೋಣಿ ಇಂದಿಗೂ ಬಳಕೆಯಲ್ಲಿದೆ.

ಹಂಡೆ ತಾಮ್ರದ್ದು, ತೊಟ್ಟಿ ಮಾತ್ರ ಮರದ್ದು, ಏಕೆ? ತಾಮ್ರವು ಮರಕ್ಕಿಂತ ಸಾವಿರಾರು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಕೆಳಗಿನ ಬೆಂಕಿ ನೀರಿಗೆ ಬೇಗ ಮುಟ್ಟಬೇಕಾದರೆ ತಾಮ್ರ. ಕಾದ ನೀರು ಬೇಗ ಆರಬಾರದೆಂದರೆ ಮರ.

ಮಾಡುವ ಬಗೆಯೇ ನಿಜವಾದ ಸ್ವಾರಸ್ಯ. ಹಲಗೆಗಳನ್ನು ಉದ್ದಕ್ಕೆ ನಿಲ್ಲಿಸಿ, ಅಂಚುಗಳನ್ನು ತುಸು ಓರೆಯಾಗಿ ಹೆರೆದು, ದುಂಡಗೆ ಜೋಡಿಸಿ, ಹೊರಗಿನಿಂದ ಲೋಹದ ಪಟ್ಟಿ ಬಿಗಿಯುತ್ತಾರೆ. ಅಂಟೂ ಬೇಡ, ಮೊಳೆಯೂ ಬೇಡ. ನೀರು ಕುಡಿದ ಮರ ಅಡ್ಡಡ್ಡಲಾಗಿ ಉಬ್ಬುತ್ತದೆ, ಉದ್ದಕ್ಕೆ ಬೆಳೆಯುವುದು ಅತ್ಯಲ್ಪ. ಪಟ್ಟಿ ಹೊರಗೆ ಹೋಗಗೊಡುವುದಿಲ್ಲವಾದ್ದರಿಂದ ಹಲಗೆಗಳು ಒಂದನ್ನೊಂದು ಒತ್ತಿಕೊಂಡು ಸಂದು ಮುಚ್ಚುತ್ತವೆ.

ಈ ವಿದ್ಯೆ ನಮ್ಮ ಹಳ್ಳಿಗಳಿಗೆ ಗೊತ್ತಿಲ್ಲದ್ದೇ? ಎತ್ತಿನ ಬಂಡಿಯ ಗಾಲಿ ನೆನಪಿಸಿಕೊಳ್ಳಿ. ಬಡಿಗ ಕಟ್ಟಿದ ಗಾಲಿಗೆ ಕಮ್ಮಾರ ಅದಕ್ಕಿಂತ ತುಸು ಚಿಕ್ಕದಾದ ಕಬ್ಬಿಣದ ಹಳಿ ಮಾಡಿ, ಬೆಂಕಿಯಲ್ಲಿ ಕಾಯಿಸಿ ಹಿಗ್ಗಿಸಿ ಕೂರಿಸುತ್ತಾನೆ. ಮೇಲೆ ನೀರು ಹೊಯ್ದಾಗ ಹಳಿ ಕುಗ್ಗಿ ಮರವನ್ನು ಬಿಗಿಯಾಗಿ ಹಿಡಿಯುತ್ತದೆ. ಶರಣರಲ್ಲಿ ಬಾಚಿಕಾಯಕದ ಬಸವಣ್ಣನೆಂಬ ಬಡಿಗನೂ ಇದ್ದ. ಈಗ ಬಂಡಿಗಳಿಗೆ ರಬ್ಬರ್ ಟೈರು ಬಂದಿದೆ, ಗಾಲಿ ಕಟ್ಟುವ ಕೈಗಳಿಗೆ ಕೆಲಸ ಕಡಿಮೆ. ಆ ಮಗಳ ಹಟ ನನಗೆ ಹಿಡಿಸಿದ್ದು ಇದಕ್ಕೇ.

ಆದರೆ ತಂದೆಯ ಪರವಾಗಿಯೂ ಒಂದು ಲೆಕ್ಕವಿದೆ. 90 ಸೆಂ.ಮೀ. ಅಗಲದ ದುಂಡು ತೊಟ್ಟಿಯಲ್ಲಿ 50 ಸೆಂ.ಮೀ. ನೀರು ನಿಲ್ಲಿಸಿದರೆ ಸುಮಾರು 318 ಲೀಟರ್. ಅಂದರೆ 15 ಲೀಟರಿನ ಬಕೆಟ್ಟು 21! ಬೇಸಿಗೆಯ ಬೀದರ ಜಿಲ್ಲೆಯಲ್ಲಿ ಇದು ದುಬಾರಿ ಸುಖ. ಜಪಾನೀಯರು ಹೊರಗೆ ಮೈ ತೊಳೆದುಕೊಂಡೇ ತೊಟ್ಟಿಗಿಳಿಯುತ್ತಾರೆ, ಮನೆಮಂದಿಯೆಲ್ಲ ಸರದಿಯಂತೆ ಅದೇ ನೀರು ಬಳಸುತ್ತಾರೆ. ನಮ್ಮಲ್ಲಿ ಅಜ್ಜಿ ಇದಕ್ಕೆ ಒಪ್ಪುವುದು ಕಷ್ಟ. 60 ಸೆಂ.ಮೀ. ಅಗಲ, 25 ಸೆಂ.ಮೀ. ನೀರಿನ ಮಕ್ಕಳ ತೊಟ್ಟಿಯಾದರೆ 70 ಲೀಟರಿನಲ್ಲಿ ಮುಗಿಯುತ್ತದೆ. ನನ್ನ ಮತ ಅದಕ್ಕೆ.

ಮಾಡಿಸುವುದಾದರೆ ಚೆನ್ನಾಗಿ ಒಣಗಿದ ಸಾಗುವಾನಿ ಆರಿಸಿ. ಬಳಸಿದ ಮೇಲೆ ನೀರು ಚೆಲ್ಲಿ ಗಾಳಿಯಾಡಲು ಬಿಡಿ, ಬಿಸಿಲಿಗೆ ಮಾತ್ರ ಇಡಬೇಡಿ. ಮೇ ತಿಂಗಳ ಒಣಹವೆಗೆ ಹಲಗೆ ಕುಗ್ಗಿ ಪಟ್ಟಿಯೇ ಜಾರೀತು. ಮೊದಲ ದಿನ ತುಂಬಿದಾಗ ಸಂದುಗಳಲ್ಲಿ ನೀರು ಜಿನುಗಿದರೆ ಬಡಿಗನನ್ನು ಬೈಯಬೇಡಿ. ಒಂದೆರಡು ದಿನ ನೆನೆಯಲು ಬಿಟ್ಟು ನೋಡಿ.