ಜಾಲಪುಟದ ಮೊದಲ ಪಾಠ



ಜಿನೀವಾದ ಸರ್ನ್ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ ಅವರು 1991ರಲ್ಲಿ ಲೋಕದ ಮುಂದಿರಿಸಿದ, ಜಾಲಪುಟ ರಚನೆಯ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿದ್ದ ಶೀರ್ಷಿಕೆ, ಪರಿಚ್ಛೇದ, ಪಟ್ಟಿ, ಕೊಂಡಿ ಮೊದಲಾದ ಟ್ಯಾಗುಗಳು ಇಂದಿಗೂ ರೂಢಿಯಲ್ಲಿರುವಾಗ, ಸಾಧಾರಣ ನೋಟ್‌ಪ್ಯಾಡನ್ನು ಬದಿಗಿರಿಸಿ, ಸಿದ್ಧ ಮಾದರಿಗಳನ್ನು ಎಳೆದು ಜೋಡಿಸುವ ತಂತ್ರಾಂಶಗಳಿಂದ ಪಾಠವನ್ನು ಉಪಕ್ರಮಿಸುವುದು ನನಗೆ ಸಮಂಜಸವಾಗಿ ತೋರದು. ದಪ್ಪಕ್ಷರದ ಟ್ಯಾಗನ್ನು ಮುಚ್ಚಲು ಮರೆತೊಡನೆ ಮುಂದಿನ ಪದಗಳೆಲ್ಲ ದಪ್ಪಗಾಗುವುದನ್ನು ಸ್ವತಃ ಕಂಡ ವಿದ್ಯಾರ್ಥಿಗೆ ಟ್ಯಾಗುಗಳ ಕ್ರಮವು ತಾನಾಗಿ ವಿದಿತವಾಗುವುದು; ಬ್ರೌಸರಾದರೋ ಇಂಥ ದೋಷವನ್ನು ಸೈರಿಸಿ ಪುಟವನ್ನು ತೋರಿಸಿಯೇ ತೀರುವ ಉದಾರಿ!

ಉದಾಹರಣೆಗಳೆಲ್ಲ ಇಂಗ್ಲಿಷಿನಲ್ಲಿಯೇ ಇರಬೇಕೆಂಬ ನಿರ್ಬಂಧವೂ ಇಲ್ಲ. ಪುಟದ ಶಿರೋಭಾಗದಲ್ಲಿ ಯುಟಿಎಫ್-8 ಸಂಕೇತಕ್ರಮವನ್ನು ನಮೂದಿಸುವುದನ್ನು ಮೊದಲ ದಿನವೇ ಕಲಿಸಿ, ಮಕ್ಕಳು ತಮ್ಮೂರಿನ ವೃತ್ತಾಂತವನ್ನು ಕನ್ನಡದಲ್ಲಿಯೇ ಪುಟವಾಗಿಸುವಂತೆ ಮಾಡಬೇಕೆಂದು ಅಧ್ಯಾಪಕ ಮಹಾಶಯರಲ್ಲಿ ನನ್ನ ಪ್ರಾರ್ಥನೆ.

ಇತಿ,
ಓರ್ವ ಓದುಗ